ಒಂದು ಪೌಂಡ್ ಅಕ್ಕಿ ಮತ್ತು ಮೈಯೊಳಗಿನ ಬೆಂಕಿ

ಬದುಕಿರುವ ಮೈ ಬೆಚ್ಚಗಿರುತ್ತದೆ, ಉಸಿರು ನಿಂತ ಮೈ ತಣ್ಣಗಾಗುತ್ತದೆ. ಇದನ್ನು ತಿಳಿಯಲು ಯಾವ ಶಾಸ್ತ್ರವೂ ಬೇಕಿರಲಿಲ್ಲ. ಉಂಡದ್ದನ್ನು ಅರಗಿಸುವ ಬೆಂಕಿಗೆ ನಮ್ಮ ಹಿರಿಯರು ಜಠರಾಗ್ನಿಯೆಂದು ಹೆಸರಿಟ್ಟರು. ಭಗವದ್ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಅದು ವೈಶ್ವಾನರನೆಂಬ ದೈವರೂಪವನ್ನೇ ಪಡೆಯಿತು. ಹಸಿದಾಗ ಹೊಟ್ಟೆ 'ಚುರುಗುಟ್ಟುತ್ತದೆ' ಎನ್ನುವ ನಮ್ಮ ಮನೆಮಾತಿನಲ್ಲಿಯೂ ಆ ಬೆಂಕಿಯ ಸದ್ದು ಕೇಳಿಸುತ್ತದೆ.

ಆದರೆ ಈ ಬೆಂಕಿ ಕೇವಲ ಉಪಮೆಯೋ, ಅಥವಾ ಒಲೆಯಲ್ಲಿ ಉರಿಯುವಂಥದೇ ನಿಜವಾದ ಬೆಂಕಿಯೋ? ಒಲೆಯ ಬೆಂಕಿಯಂಥದಾದರೆ ದಿನಕ್ಕೆ ಎಷ್ಟು ಸೌದೆ ಬೇಕೆಂದು ಅಳೆಯಬಹುದು. ಅಳೆಯಲು ಬಂದರೆ, ಎಷ್ಟು ಕಡಿಮೆ ಕೊಟ್ಟರೂ ನಂದದೆ ಉಳಿದೀತು ಎಂದೂ ಲೆಕ್ಕ ಹಾಕಬಹುದು. ಮೊದಲ ಪ್ರಶ್ನೆಯನ್ನು ಕೇಳಿದವರು ವಿಜ್ಞಾನಿಗಳು. ಕೊನೆಯದನ್ನು ಕೇಳಿದವರು ಆಡಳಿತಗಾರರು. ಜೀವಿಯ ದೇಹವನ್ನು ಉಷ್ಣಗತಿವಿಜ್ಞಾನದ ಕಣ್ಣಿನಿಂದ ನೋಡುವ ಕ್ರಮ ಪ್ಯಾರಿಸಿನ ಒಂದು ಪ್ರಯೋಗಶಾಲೆಯಲ್ಲಿ ಹುಟ್ಟಿತು. ಅದು ಅತ್ಯಂತ ಕಠಿಣವಾದ ಪರೀಕ್ಷೆಯನ್ನು ಎದುರಿಸಿದ್ದು ಮಾತ್ರ ಒಂದು ಬರಗಾಲದಲ್ಲಿ, ಬಳ್ಳಾರಿಯೂ ಸೇರಿದ್ದ ಮದರಾಸು ಪ್ರಾಂತದಲ್ಲಿ. ಈ ಎರಡು ಎಡೆಗಳ ನಡುವಣ ಹಾದಿಯನ್ನು ಗುರುತಿಸುವುದು ನಮ್ಮ ಉದ್ದೇಶ.

1782-83ರ ಚಳಿಗಾಲದಲ್ಲಿ ಲೆವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಇಲಿಯನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವಿನ ಗೂಡಿನಲ್ಲಿ ಇರಿಸಿದರು. ಹತ್ತು ಗಂಟೆಗಳಲ್ಲಿ ಆ ಪುಟ್ಟ ಪ್ರಾಣಿಯ ಮೈಶಾಖಕ್ಕೆ ಸುಮಾರು 13 ಔನ್ಸ್ ಮಂಜು ಕರಗಿ ನೀರಾಯಿತು. ಅಷ್ಟೇ ಸಮಯದಲ್ಲಿ ಗಿನಿಇಲಿ ಹೊರಬಿಟ್ಟ ಇಂಗಾಲಾಮ್ಲವನ್ನು ಇನ್ನೊಂದು ಪ್ರಯೋಗದಲ್ಲಿ ಅಳೆದರು. ಇದ್ದಿಲನ್ನು ಸುಟ್ಟು ಅಷ್ಟೇ ಇಂಗಾಲಾಮ್ಲ ಬರಿಸಿದರೆ ಎಷ್ಟು ಮಂಜು ಕರಗುತ್ತದೆಂದು ಹೋಲಿಸಿ ನೋಡಿದರು. ಎರಡು ಲೆಕ್ಕಗಳು ಪೂರ್ತಿ ತಾಳೆಯಾಗಲಿಲ್ಲ, ಆದರೆ ಹತ್ತಿರ ಬಂದವು. ಉಸಿರಾಟವೆಂಬುದು ಬಹು ನಿಧಾನವಾದ ಒಂದು ಉರಿ, ಉರಿಯುವ ಮೋಂಬತ್ತಿಗೂ ಉಸಿರಾಡುವ ಇಲಿಗೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಭೇದವಿಲ್ಲ ಎಂಬ ತೀರ್ಮಾನವನ್ನು ಅವರು ಲೋಕದ ಮುಂದಿಟ್ಟರು.

ಏಳು ವರ್ಷಗಳ ಬಳಿಕ ಲೆವಾಸಿಯೆ ಇಲಿಯನ್ನು ಬಿಟ್ಟು ಮನುಷ್ಯನ ಕಡೆಗೆ ತಿರುಗಿದ. ಸಹಾಯಕ ಸೆಗ್ಯಾಂ ಮುಖಕ್ಕೆ ಮುಖವಾಡ ಹಾಕಿಕೊಂಡು ಕುಳಿತಿದ್ದಾನೆ, ಕಾಲಿನಿಂದ ಹಲಗೆಯನ್ನು ತುಳಿಯುತ್ತಿದ್ದಾನೆ, ಲೆವಾಸಿಯೆಯ ಪತ್ನಿ ಮರಿ-ಆನ್ ಮೇಜಿನ ಬಳಿ ಕುಳಿತು ಅಂಕಿಗಳನ್ನು ಬರೆದುಕೊಳ್ಳುತ್ತಿದ್ದಾಳೆ. ಆಕೆಯೇ ಬಿಡಿಸಿದ ಚಿತ್ರಗಳಿಂದ ಈ ದೃಶ್ಯ ಇಂದಿಗೂ ನಮಗೆ ದೊರಕುತ್ತದೆ. ಉಂಡ ಮೇಲೆ ಹೆಚ್ಚು ಆಮ್ಲಜನಕ ಬೇಕು. ಚಳಿಯಲ್ಲಿ ಹೆಚ್ಚು ಬೇಕು. ದುಡಿಯುವಾಗ ಎಲ್ಲಕ್ಕಿಂತ ಹೆಚ್ಚು ಬೇಕು. ಇವಿಷ್ಟೂ ಆ ಪ್ರಯೋಗಗಳಿಂದ ಗೊತ್ತಾದವು.

ಇಲ್ಲಿ ಒಂದು ವಿಷಯ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. 1789, ಕ್ರಾಂತಿಯ ವರ್ಷ. ಉಸಿರಾಟದ ಬಗೆಗಿನ ಆ ವೈಜ್ಞಾನಿಕ ಪ್ರಬಂಧದ ನಡುವೆಯೇ ಲೆವಾಸಿಯೆ ಒಂದು ಪ್ರಶ್ನೆಯನ್ನು ಎತ್ತುತ್ತಾನೆ: ತೋಳ್ಬಲವನ್ನೇ ನಂಬಿ ಬದುಕುವ ಬಡವನ ಮೈ ಹೆಚ್ಚು ಸುಡುತ್ತದೆ, ಅವನಿಗೆ ಹೆಚ್ಚು ಅನ್ನ ಬೇಕು, ಕುಳಿತು ಉಣ್ಣುವವನಿಗೆ ಕಡಿಮೆ ಸಾಕು, ಹೀಗಿರುವಾಗ ಬೇಕಾದವನಿಗೆ ಕೊರತೆ, ಬೇಡದವನಿಗೆ ಸಮೃದ್ಧಿ ಎಂಬ ದುರ್ವಿಧಿ ಏಕೆ? ಪ್ರಯೋಗಶಾಲೆಯ ಅಂಕಿಯೊಂದು ನ್ಯಾಯದ ಪ್ರಶ್ನೆಯಾಗಿ ಹೊರಳಿದ್ದು ಬಹುಶಃ ಇದೇ ಮೊದಲು. ಆ ಮಾತನ್ನು ಬರೆದವನು ಸ್ವತಃ ಅರಸನ ಪರವಾಗಿ ತೆರಿಗೆ ವಸೂಲಿ ಮಾಡುವ ಕೂಟದ ಪಾಲುದಾರನಾಗಿದ್ದ ಎಂಬುದೂ ಇತಿಹಾಸವೇ. ಆ ಕಾರಣಕ್ಕಾಗಿಯೇ 1794ರ ಮೇ 8ರಂದು ಅವನ ತಲೆ ಉರುಳಿತು.

ಮುಂದಿನ ದೊಡ್ಡ ಹೆಜ್ಜೆ ಬಿದ್ದದ್ದು ಏಷ್ಯದ ಸೆಕೆಯಲ್ಲಿ. ರಾಬರ್ಟ್ ಮೇಯರ್ ಎಂಬ ತರುಣ ಜರ್ಮನ್ ವೈದ್ಯ 1840ರಲ್ಲಿ ಡಚ್ಚರ ಹಡಗೊಂದರಲ್ಲಿ ಜಾವಾಕ್ಕೆ ಬಂದ. ಸುರಬಾಯಾ ಬಂದರಿನಲ್ಲಿ ಕಾಯಿಲೆಬಿದ್ದ ನಾವಿಕರ ರಕ್ತವನ್ನು, ಅಂದಿನ ಚಿಕಿತ್ಸೆಯ ಪದ್ಧತಿಯಂತೆ, ಹೊರತೆಗೆಯುವಾಗ ಅವನು ಬೆಚ್ಚಿದ. ಅಭಿಧಮನಿಯ ರಕ್ತ ಕಪ್ಪುಗೆಂಪಾಗಿರಬೇಕು. ಇದು ಅಪಧಮನಿಯ ರಕ್ತದಂತೆ ಕಡುಗೆಂಪಾಗಿತ್ತು. ಉಷ್ಣವಲಯದಲ್ಲಿ ಇದು ಸಾಮಾನ್ಯವೆಂದು ಅಲ್ಲಿನ ವೈದ್ಯರು ಹೇಳಿ ಸುಮ್ಮನಾದರು. ಮೇಯರ್ ಸುಮ್ಮನಾಗಲಿಲ್ಲ. ಹೊರಗೆ ಸೆಕೆಯಿದ್ದಾಗ ಮೈಯನ್ನು ಬೆಚ್ಚಗಿಡಲು ಕಡಿಮೆ ಉರಿ ಸಾಕು. ಆದ್ದರಿಂದ ರಕ್ತದಲ್ಲಿನ ಆಮ್ಲಜನಕ ಕಡಿಮೆ ಖರ್ಚಾಗುತ್ತದೆ. ಆದ್ದರಿಂದ ರಕ್ತ ಕೆಂಪಾಗಿಯೇ ಮರಳುತ್ತದೆ. ಅಲ್ಲಿಂದ ಅವನ ಯೋಚನೆ ಇನ್ನೂ ಮುಂದಕ್ಕೆ ಹೋಯಿತು. ಮೈ ಶಾಖವನ್ನಷ್ಟೇ ಕೊಡುವುದಿಲ್ಲ, ಕೆಲಸವನ್ನೂ ಮಾಡುತ್ತದೆ. ಎರಡಕ್ಕೂ ಮೂಲ ಉಂಡ ಅನ್ನ ಒಂದೇ. ಹಾಗಾದರೆ ಶಾಖಕ್ಕೂ ಕೆಲಸಕ್ಕೂ ನಡುವೆ ಒಂದು ಖಚಿತವಾದ ವಿನಿಮಯದ ದರ ಇರಲೇಬೇಕು.

ಶಕ್ತಿ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ, ರೂಪ ಬದಲಿಸುತ್ತದೆ ಎಂಬ ನಿಯಮದ ಮೊದಲ ಘೋಷಣೆಗಳಲ್ಲೊಂದು ಹೀಗೆ ಹಬೆಯ ಎಂಜಿನ್ನಿನಿಂದಲ್ಲ, ನಾವಿಕನ ತೋಳಿನಿಂದ ಹೊರಬಂತು. (ಆ ಕೆಂಪಿಗೆ ಇಂದಿನ ಶರೀರಶಾಸ್ತ್ರ ಬೇರೆ ಕಾರಣ ಹೇಳುತ್ತದೆ: ಸೆಕೆಯಲ್ಲಿ ಚರ್ಮದ ಕಡೆಗೆ ರಕ್ತ ಹೆಚ್ಚಾಗಿ ಹರಿಯುತ್ತದೆ. ವಿವರಣೆ ಜಾರಿದರೂ ದಾರಿ ಸರಿಯಾದ ಊರಿಗೇ ಸೇರಿಸಿತು.) 1842ರಲ್ಲಿ ಅವನ ಲೇಖನ ಪ್ರಕಟವಾಯಿತು, 1845ರಲ್ಲಿ ತನ್ನದೇ ಖರ್ಚಿನಲ್ಲಿ ಅಚ್ಚುಹಾಕಿಸಿದ ಪುಸ್ತಿಕೆಯಲ್ಲಿ, ಗಿಡಮರಗಳು ಬಿಸಿಲನ್ನು ಹಿಡಿದಿಟ್ಟು ಆಹಾರವಾಗಿಸುತ್ತವೆ, ಪ್ರಾಣಿಗಳು ಆ ಬಿಸಿಲನ್ನೇ ಖರ್ಚು ಮಾಡುತ್ತವೆ ಎಂದು ವಿವರಿಸಿದ. ಬಹುಕಾಲ ಯಾರೂ ಅವನಿಗೆ ಕಿವಿಗೊಡಲಿಲ್ಲ.

1860ರ ದಶಕದ ಹೊತ್ತಿಗೆ ಮಾತು ಬಹಳ ಖಚಿತವಾಗಿತ್ತು. 1865ರಲ್ಲಿ ಫಿಕ್ ಮತ್ತು ವಿಸ್ಲಿಸೀನಸ್ ಎಂಬ ಇಬ್ಬರು ಪ್ರಾಧ್ಯಾಪಕರು ಪ್ರೋಟೀನಿಲ್ಲದ ಆಹಾರವನ್ನಷ್ಟೇ ತಿಂದು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಶಿಖರವನ್ನು ಹತ್ತಿದರು. ಸುಮಾರು 1956 ಮೀಟರಿನ ಏರು. ಮೂತ್ರದಲ್ಲಿನ ಸಾರಜನಕವನ್ನು ಅಳೆದು, ಮಾಂಸಖಂಡ ತನ್ನನ್ನೇ ಸುಟ್ಟುಕೊಂಡು ಕೆಲಸ ಮಾಡುತ್ತದೆಂಬ ಲೀಬಿಗ್‌ನ ಸಿದ್ಧಾಂತ ನಿಲ್ಲುವುದಿಲ್ಲವೆಂದು ತೋರಿಸಿದರು. ಮರುವರ್ಷ ಫ್ರಾಂಕ್ಲೆಂಡ್ ಲಂಡನ್ನಿನಲ್ಲಿ ಆಹಾರಪದಾರ್ಥಗಳನ್ನು ಒಂದೊಂದಾಗಿ ಸುಟ್ಟು ಯಾವುದರಲ್ಲಿ ಎಷ್ಟು ಶಾಖವಿದೆಯೆಂದು ಪಟ್ಟಿ ಮಾಡಿದ. ಬೆಂಕಿಗೆ ಎಷ್ಟು ಸೌದೆ ಬೇಕೆಂದು ಅಳೆಯುವ ತಕ್ಕಡಿ ಸಿದ್ಧವಾಗಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ದಕ್ಷಿಣ ಭಾರತದಲ್ಲಿ ಮಳೆ ಹೋಯಿತು.

ಧಾತು-ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಅಜ್ಜಂದಿರ ಅಜ್ಜಂದಿರು ನೆನೆಯುತ್ತಿದ್ದುದು 1876-78ರ ಈ ಮಹಾಕ್ಷಾಮವನ್ನೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷವನ್ನು ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷ. ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ಹೊಡೆತ ಅತ್ಯಂತ ಕ್ರೂರವಾಗಿತ್ತು. ಹಸಿದವರಿಗೆ ಕೆಲಸ ಕೊಟ್ಟು ಕೂಲಿ ಕೊಡುವುದು ಸರ್ಕಾರದ ಕ್ರಮ: ಕೆರೆ ಅಗೆತ, ಕಲ್ಲು ಒಡೆತ, ರಸ್ತೆ, ರೈಲುದಾರಿಯ ಮಣ್ಣುಕೆಲಸ. ಬೆಂಗಳೂರು-ಮೈಸೂರು ರೈಲುದಾರಿಯ ಏರಿಯ ಮಣ್ಣನ್ನು ಹೊತ್ತವರು ಆ ಬರದ ಕೂಲಿಗಳು. ಚೆನ್ನೈನ ಗೆಳೆಯರು ದಿನನಿತ್ಯ ದಾಟುವ ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ ಅಡ್ಯಾರು ಮತ್ತು ಕೂವಂ ನದಿಗಳನ್ನು ಜೋಡಿಸುವ ಭಾಗವನ್ನು ತೋಡಿದ್ದೂ ಆಗಲೇ. ಅದರ ಹೆಸರು ಅಂದಿನ ಗವರ್ನರನದು.

1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ತನ್ನ ಪ್ರತಿನಿಧಿಯಾಗಿ ಸರ್ ರಿಚರ್ಡ್ ಟೆಂಪಲ್‌ನನ್ನು ಮದರಾಸಿಗೆ ಕಳುಹಿಸಿದ. ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಇದೇ ಟೆಂಪಲ್ ಬರ್ಮಾದಿಂದ ಹಡಗುಗಟ್ಟಲೆ ಅಕ್ಕಿ ತರಿಸಿ ಸಾವುಗಳನ್ನು ತಡೆದಿದ್ದ. ಅದಕ್ಕೆ ಅವನಿಗೆ ದೊರೆತದ್ದು ದುಂದುಗಾರನೆಂಬ ಬಿರುದು. ಈ ಬಾರಿ ಆ ಕಳಂಕವನ್ನು ತೊಳೆದುಕೊಳ್ಳುವ ಹಟದಲ್ಲಿ ಅವನು ಬಂದಿರಬೇಕು. ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಸ್ವಲ್ಪ ಕಡಿಮೆ. 'ಟೆಂಪಲ್ ಕೂಲಿ' ಎಂದು ಇತಿಹಾಸದಲ್ಲಿ ಕುಖ್ಯಾತವಾದದ್ದು ಇದು. ಅವನನ್ನು ಕ್ರೂರಿಯೆಂದು ಕರೆದು ಪುಟ ತಿರುವುವುದು ಸುಲಭ. ಕಡತಗಳ ನಡುವೆ ಬದುಕುವ ನಮಗೆ ಅವನಲ್ಲಿ ಕಾಣುವುದು ಇನ್ನೂ ಪರಿಚಿತವಾದ ಒಬ್ಬ ಮನುಷ್ಯ: ಹಿಂದಿನ ಖರ್ಚಿಗೆ ಆಕ್ಷೇಪಣೆ ಎದುರಿಸಿ, ಮುಂದಿನ ಕಡತದಲ್ಲಿ ಮಿತವ್ಯಯ ತೋರಿಸುವ ಅಧಿಕಾರಿ.

ಅವನ ಎದುರಿಗೆ ನಿಂತವನು ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್. ಒಂದು ಪೌಂಡ್ ಧಾನ್ಯದಿಂದ ದುಡಿಯುವ ದೇಹ ಉಳಿಯದು. ಕನಿಷ್ಠ ಒಂದೂವರೆ ಪೌಂಡ್ ಧಾನ್ಯ ಬೇಕು, ಜೊತೆಗೆ ಬೇಳೆ, ತರಕಾರಿಯಂಥ ಪೋಷಣೆ ಬೇಕು ಎಂದು ಅವನು ಶರೀರಶಾಸ್ತ್ರದ ಆಧಾರದ ಮೇಲೆ ವಾದಿಸಿದ. ಪ್ಯಾರಿಸಿನಲ್ಲಿ, ಜಾವಾದಲ್ಲಿ, ಸ್ವಿಸ್ ಬೆಟ್ಟದಲ್ಲಿ ಕೂಡಿಟ್ಟ ತಿಳಿವಳಿಕೆ ಮದರಾಸು ಸರ್ಕಾರದ ಕಡತದೊಳಕ್ಕೆ ಹೀಗೆ ಬಂತು. ಟೆಂಪಲ್ ಅನುಭವದ ಮಾತಾಡಿದ, ಕಾರ್ನಿಷ್ ಅಳತೆಯ ಮಾತಾಡಿದ. ಆ ವರ್ಷವೇ ಮದರಾಸು ಸರ್ಕಾರ ಪಡಿಯನ್ನು ಒಂದೂಕಾಲು ಪೌಂಡಿಗೆ ಏರಿಸಿ ಒಂದಿಷ್ಟು ಬೇಳೆಯನ್ನು ಸೇರಿಸಿತು. ಇಬ್ಬರ ನಡುವೆ ಸರಿಯಾಗಿ ಅರ್ಧದಾರಿ. ಕಡತಗಳಲ್ಲಿ ರಾಜಿ ಸಾಧ್ಯ.

ಇಂದು ಇಬ್ಬರ ಲೆಕ್ಕವನ್ನೂ ನಾವೇ ಪರಿಶೀಲಿಸಬಹುದು. ಆಹಾರದ ಮಾತಿನಲ್ಲಿ ಒಂದು ಕ್ಯಾಲೊರಿ ಎಂದರೆ ಒಂದು ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡುವ ಶಾಖ. ಒಂದು ಪೌಂಡ್, ಎಂದರೆ 454 ಗ್ರಾಂ ಅಕ್ಕಿಯಲ್ಲಿ ಇರುವುದು ಸುಮಾರು 1600 ಕ್ಯಾಲೊರಿ. ಐವತ್ತು ಕಿಲೊ ತೂಕದ ಗಂಡಸು ಏನೂ ಮಾಡದೆ, ಉಣ್ಣದೆ, ನೆಳಲಿನಲ್ಲಿ ಮಲಗಿದ್ದರೂ ದಿನಕ್ಕೆ ಸುಮಾರು 1300ರಿಂದ 1400 ಕ್ಯಾಲೊರಿ ಖರ್ಚಾಗುತ್ತದೆ. ಉಳಿದದ್ದು ಇನ್ನೂರು-ಮುನ್ನೂರು. ಕಲ್ಲು ಒಡೆಯುವುದು, ಬುಟ್ಟಿ ಹೊರುವುದು, ಶಿಬಿರಕ್ಕೆ ನಡೆದುಹೋಗುವುದು ಎಲ್ಲವೂ ಇಷ್ಟರಲ್ಲೇ ಆಗಬೇಕು. ಆ ಒಂದಾಣೆ ಏರಿದ ಬೆಲೆಗಳ ನಡುವೆ ಎಷ್ಟು ತಂದೀತೋ ಅಷ್ಟು. ಅಂಥ ದುಡಿಮೆಗೆ ಇಂದಿನ ಶಿಫಾರಸು ಸುಮಾರು 3500 ಕ್ಯಾಲೊರಿಯ ಆಸುಪಾಸಿನಲ್ಲಿದೆ. ಕೊರತೆಯನ್ನು ದೇಹ ತನ್ನ ಕೊಬ್ಬಿನಿಂದ ತುಂಬಿಕೊಳ್ಳುತ್ತದೆ. ಕೊಬ್ಬು ಮುಗಿಯುತ್ತ ಬಂದಂತೆ ಮಾಂಸಖಂಡದಿಂದ, ಹೃದಯವೂ ಸೇರಿದಂತೆ. ಮೇಯರನ ನಿಯಮ ಯಾವ ಸರ್ಕಾರಕ್ಕೂ ಸಾಲ ಕೊಡುವುದಿಲ್ಲ.

ಆದರೆ ಏನೂ ಮಾಡದೆ ಮಲಗಿದವನಿಗೂ ಅಷ್ಟೊಂದು ಏಕೆ ಬೇಕು? ಟೆಂಪಲ್‌ನ ಕಾಲದ ಸಾಮಾನ್ಯ ಬುದ್ಧಿ ತಡವರಿಸಿದ್ದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ದೇಹವನ್ನು ಎಂಜಿನ್ನಿಗೆ ಹೋಲಿಸಿದವರು ಎಂಜಿನ್ನಿನ ಗುಣವನ್ನೂ ಅದಕ್ಕೆ ಆರೋಪಿಸಿದರು. ನಿಂತ ಎಂಜಿನ್ನಿಗೆ ಕಲ್ಲಿದ್ದಲು ಬೇಡ. ಹಾಗೆಯೇ ದುಡಿಯದ ದೇಹಕ್ಕೆ ಹೆಚ್ಚೇನೂ ಬೇಡ, ದುಡಿದಷ್ಟಕ್ಕೆ ಮಾತ್ರ ಪಡಿ. ಇದು ಮೊದಲ ನಿಯಮದ ಅರೆತಿಳಿವಳಿಕೆ. ಉತ್ತರವಿದ್ದದ್ದು ಎರಡನೆಯ ನಿಯಮದಲ್ಲಿ.

1959ರಲ್ಲಿ ಸಿ.ಪಿ. ಸ್ನೋ ಕೇಂಬ್ರಿಜಿನಲ್ಲಿ ಮಾಡಿದ 'ಎರಡು ಸಂಸ್ಕೃತಿಗಳು' ಉಪನ್ಯಾಸದಲ್ಲಿ, ಸಾಹಿತ್ಯದವರನ್ನು ಈ ಎರಡನೆಯ ನಿಯಮದ ಬಗ್ಗೆ ಕೇಳಿದರೆ ಮುಖ ತಿರುಗಿಸುತ್ತಾರೆಂದು ದೂರಿದರು. ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ನಮಗೆ ಆ ಉಪನ್ಯಾಸದ ಪರಿಚಯವಾಯಿತು. ನಿಯಮದ ಪರಿಚಯ ಮಾತ್ರ ಯಾರೂ ಮಾಡಿಸಲಿಲ್ಲ. ಸರಳವಾಗಿ ಹೇಳುವುದಾದರೆ, ಶಕ್ತಿ ನಾಶವಾಗುವುದಿಲ್ಲ, ಆದರೆ ಉಪಯೋಗಕ್ಕೆ ಬಾರದಂತೆ ಚದರಿಹೋಗುತ್ತದೆ. ಬಿಸಿ ಕಾಫಿ ತಾನಾಗಿ ಆರುತ್ತದೆ, ಆರಿದ್ದು ತಾನಾಗಿ ಬಿಸಿಯಾಗುವುದಿಲ್ಲ. ಕಟ್ಟಿದ್ದು ಕುಸಿಯುತ್ತದೆ, ಜೋಡಿಸಿದ್ದು ಕದಡುತ್ತದೆ. ಈ ಕದಡುವಿಕೆಯ ಅಳತೆಗೆ ಎಂಟ್ರೊಪಿ ಎಂದು ಹೆಸರು. 1886ರಲ್ಲಿ ವಿಯೆನ್ನಾದ ಬೋಲ್ಟ್ಸ್‌ಮನ್ ಒಂದು ಚುರುಕಾದ ಮಾತು ಹೇಳಿದ: ಜೀವಿಗಳು ಹೋರಾಡುವುದು ಬರಿಯ ಶಕ್ತಿಗಾಗಿ ಅಲ್ಲ, ಶಕ್ತಿ ಎಲ್ಲ ವಸ್ತುಗಳಲ್ಲೂ ಶಾಖವಾಗಿ ಬೇಕಾದಷ್ಟಿದೆ, ಅವು ಹೋರಾಡುವುದು ಉರಿಯುವ ಸೂರ್ಯನಿಂದ ತಣ್ಣಗಿನ ಭೂಮಿಗೆ ಶಕ್ತಿ ಹರಿದುಬರುವಾಗ ದೊರೆಯುವ ಅವಕಾಶಕ್ಕಾಗಿ. 1943ರ ಫೆಬ್ರವರಿಯಲ್ಲಿ ಡಬ್ಲಿನ್ನಿನಲ್ಲಿ ಶ್ರೋಡಿಂಗರ್ 'ಜೀವವೆಂದರೇನು?' ಎಂಬ ಉಪನ್ಯಾಸಗಳಲ್ಲಿ ಇದನ್ನೇ ಬೆಳೆಸಿದರು. ಜೀವಿ ತನ್ನೊಳಗೆ ಹುಟ್ಟುವ ಕದಡನ್ನು ಎಡೆಬಿಡದೆ ಹೊರಗೆ ದಾಟಿಸಿ ತನ್ನ ಕ್ರಮವನ್ನು ಕಾಯ್ದುಕೊಳ್ಳುತ್ತದೆ. ದಾಟಿಸುವುದು ನಿಂತ ಗಳಿಗೆ ಅದು ಬರಿಯ ವಸ್ತು.

ಹೀಗೆ ನೋಡಿದಾಗ ಮಲಗಿದವನ ಖರ್ಚು ಅರ್ಥವಾಗುತ್ತದೆ. ಪ್ರತಿ ಜೀವಕೋಶವೂ ತನ್ನ ಪೊರೆಯ ಒಳಗಿನ ಮತ್ತು ಹೊರಗಿನ ಲವಣಗಳ ಅಂತರವನ್ನು ಕಾಯಲು ಪಂಪು ನಡೆಸುತ್ತಲೇ ಇರಬೇಕು; ಹರಿದುಹೋಗುವ ಪ್ರೋಟೀನುಗಳನ್ನು ಮತ್ತೆ ನೇಯುತ್ತಲೇ ಇರಬೇಕು. ದೇಹದ ತೂಕದ ನೂರಕ್ಕೆ ಎರಡರಷ್ಟಿರುವ ಮಿದುಳು ವಿಶ್ರಾಂತಿಯ ಖರ್ಚಿನ ಐದನೆಯ ಒಂದು ಭಾಗವನ್ನು ನುಂಗುತ್ತದೆ. ಒಟ್ಟಿನಲ್ಲಿ ಹಳೆಯ ಕಾಲದ 60 ವ್ಯಾಟಿನ ಬಲ್ಬಿನಷ್ಟು, ಹಗಲೂ ಇರುಳೂ. ಸಾಧಾರಣ ಕೆಲಸ ಮಾಡುವ ಮನುಷ್ಯನ ಊಟದ ಹೆಚ್ಚಿನ ಪಾಲು ಕೆಲಸಕ್ಕಲ್ಲ, ಅವನು ಅವನಾಗಿಯೇ ಉಳಿಯುವುದಕ್ಕೆ ಖರ್ಚಾಗುತ್ತದೆ. ಎಂಜಿನ್ ನಿಂತರೆ ತುಕ್ಕು ಹಿಡಿಯಲು ವರ್ಷಗಳು ಬೇಕು. ದೇಹಕ್ಕೆ ನಿಮಿಷಗಳು ಸಾಕು.

ಒಂದು ಪೌಂಡಿನ ಪ್ರಯೋಗವನ್ನು ವಿಜ್ಞಾನ ಮತ್ತೊಮ್ಮೆ, ಈ ಬಾರಿ ಒಪ್ಪಿಗೆ ಪಡೆದು ಮಾಡಿತು. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಏನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಆರು ತಿಂಗಳ ಕಾಲ ದಿನಕ್ಕೆ ಸುಮಾರು 1600 ಕ್ಯಾಲೊರಿ ಕೊಟ್ಟರು. ಕಾಕತಾಳೀಯವಾಗಿ ಟೆಂಪಲ್‌ನ ಅಕ್ಕಿಯಷ್ಟೇ. ಅವರು ಕಲ್ಲು ಒಡೆಯಬೇಕಿರಲಿಲ್ಲ, ವಾರಕ್ಕೆ 22 ಮೈಲಿ ನಡೆಯಬೇಕಿತ್ತಷ್ಟೆ. ತೂಕದ ನಾಲ್ಕನೆಯ ಒಂದು ಭಾಗ ಇಳಿಯಿತು. ಮೈ ತಣ್ಣಗಾಯಿತು, ನಾಡಿ ನಿಧಾನವಾಯಿತು, ವಿಶ್ರಾಂತಿಯ ಖರ್ಚು ಸುಮಾರು ನೂರಕ್ಕೆ ನಲವತ್ತರಷ್ಟು ಕುಗ್ಗಿತು. ಮನಸ್ಸಿನಲ್ಲಿ ಅನ್ನವೊಂದನ್ನುಳಿದು ಬೇರೇನೂ ನಿಲ್ಲದಾಯಿತು.

ಈ ಕುಗ್ಗುವಿಕೆಯೇ ಮುಂದೆ ಇನ್ನೊಂದು ವಾದಕ್ಕೆ ಎಡೆಮಾಡಿತು. 1931ರಲ್ಲಿ ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಎಲಿನರ್ ಮೇಸನ್, ಅಮೆರಿಕದ ಬೆನೆಡಿಕ್ಟ್ ಜೊತೆಗೂಡಿ, ದಕ್ಷಿಣ ಭಾರತದ ಹೆಂಗಸರ ವಿಶ್ರಾಂತಿಯ ಖರ್ಚು ಅಮೆರಿಕದ ಅಳತೆಗಿಂತ ಸುಮಾರು ಆರನೆಯ ಒಂದು ಭಾಗದಷ್ಟು ಕಡಿಮೆಯೆಂದು ಪ್ರಕಟಿಸಿದ್ದರು. ಹಾಗಾದರೆ ನಮ್ಮವರಿಗೆ ಕಡಿಮೆ ಅನ್ನ ಸಾಕೇ? 1971ರಲ್ಲಿ ಪುಣೆಯ ದಾಂಡೇಕರ್ ಮತ್ತು ರಥ್ ದಿನಕ್ಕೆ 2250 ಕ್ಯಾಲೊರಿಯನ್ನು ಬಡತನದ ಗೆರೆಯಾಗಿಟ್ಟರು. ಅದೇ ಊರಿನಲ್ಲಿ ನೆಲೆಸಿದ್ದ ಸಂಖ್ಯಾಶಾಸ್ತ್ರಜ್ಞ ಸುಖಾತ್ಮೆ, ದೇಹ ಕಡಿಮೆ ಊಟಕ್ಕೂ ಹೊಂದಿಕೊಳ್ಳುತ್ತದೆ, ಈ ಗೆರೆ ಹಸಿದವರ ಸಂಖ್ಯೆಯನ್ನು ಉಬ್ಬಿಸುತ್ತದೆ ಎಂದು ವಾದಿಸಿದರು. ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಇದನ್ನು ಕಟುವಾಗಿ ವಿರೋಧಿಸಿದರು. ನಮ್ಮ ಒಲವು ಗೋಪಾಲನ್ ಕಡೆಗೆ. ಹೊಂದಿಕೆ ಎಂಬ ಸೌಮ್ಯವಾದ ಪದದ ಒಳಗೆ ಬೆಳೆಯದ ಮಕ್ಕಳಿದ್ದಾರೆ, ಬೇಗ ದಣಿಯುವ ತೋಳುಗಳಿವೆ. ದೀಪ ಸಣ್ಣದಾಗಿ ಉರಿದರೂ ಉರಿಯುತ್ತದೆ ನಿಜ. ಆ ಬೆಳಕಿನಲ್ಲಿ ಏನು ಓದಬಹುದು ಎಂಬುದು ಬೇರೆ ಪ್ರಶ್ನೆ. 1979ರಲ್ಲಿ ಯೋಜನಾ ಆಯೋಗದ ಕಾರ್ಯತಂಡ ಹಳ್ಳಿಗೆ 2400, ಪಟ್ಟಣಕ್ಕೆ 2100 ಎಂದು ಗೊತ್ತುಮಾಡಿತು. 2009ರಲ್ಲಿ ತೆಂಡೂಲ್ಕರ್ ಸಮಿತಿ ಬಡತನದ ಗೆರೆಯನ್ನು ಕ್ಯಾಲೊರಿಯ ಗೂಟದಿಂದ ಬಿಚ್ಚಿತು.

ಗೂಟ ಪೂರ್ತಿಯಾಗಿ ಕಿತ್ತುಹೋಗಿಲ್ಲವೆಂಬುದು ಕೇಂದ್ರ ಸರ್ಕಾರದ ನೌಕರರಾದ ನಮಗೆ ಗೊತ್ತು. ಕೂನೂರಿನ ಪೋಷಣಾ ಸಂಶೋಧನಾಲಯದ ನಿರ್ದೇಶಕರಾಗಿದ್ದ ಡಾ. ಐಕ್ರಾಯ್ಡ್, 1943ರ ಬಂಗಾಳದ ಕ್ಷಾಮವನ್ನು ವಿಚಾರಣೆ ಮಾಡಿದ ಆಯೋಗದ ಸದಸ್ಯರೂ ಆಗಿದ್ದರು. ಸಾಧಾರಣ ದುಡಿಮೆಯ ಭಾರತೀಯ ವಯಸ್ಕನಿಗೆ ಅವರು ಹೇಳಿದ 2700 ಕ್ಯಾಲೊರಿಯನ್ನು 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನದ ತಳಹದಿಯಾಗಿ ಒಪ್ಪಿಕೊಂಡಿತು. ಏಳನೆಯ ವೇತನ ಆಯೋಗ 18,000 ರೂಪಾಯಿಯ ಕನಿಷ್ಠ ವೇತನವನ್ನು ಕಟ್ಟಿದ್ದು ಆ ಸಮ್ಮೇಳನದ ಸೂತ್ರವನ್ನೇ ಹಿಡಿದು. ತುಟ್ಟಿಭತ್ಯೆಯ ಶೇಕಡಾವಾರನ್ನು ಬಾಯಿಪಾಠ ಒಪ್ಪಿಸುವ ನಮ್ಮವರಲ್ಲಿ ಹೆಚ್ಚಿನವರು ಆ ವರದಿಯ ಕೋಷ್ಟಕವನ್ನು ತೆರೆದು ನೋಡುವುದಿಲ್ಲ. ಅದರಲ್ಲಿ ಮೊದಲ ಸಾಲು ಅಕ್ಕಿ ಅಥವಾ ಗೋಧಿಯದು: ತಲೆಗೆ ದಿನಕ್ಕೆ 475 ಗ್ರಾಂ. ಟೆಂಪಲ್‌ನ ಪೌಂಡಿಗಿಂತ ಒಂದು ಹಿಡಿ ಹೆಚ್ಚು. ಅದರ ಕೆಳಗೆ ಬೇಳೆ 80 ಗ್ರಾಂ, ಆಮೇಲೆ ಸೊಪ್ಪು, ತರಕಾರಿ, ಹಣ್ಣು, ಹಾಲು, ಎಣ್ಣೆ. ಕಾರ್ನಿಷ್ ಕೇಳಿದ್ದ ಸಾಲುಗಳು ಇವು.